ಕಾಣದ ಕೊಳ್ಳುಗ

ಸಂತೆಯಲ್ಲಿ ಮಡಕೆಯನ್ನು ಕೊಳ್ಳುವ ಗೃಹಿಣಿಯು ಅದನ್ನು ಕೈಗೆತ್ತಿಕೊಂಡು ಬೆರಳ ಗೆಣ್ಣಿನಿಂದ ಒಮ್ಮೆ ತಟ್ಟಿ ನೋಡುತ್ತಾಳೆ. ನಾದವು ಸರಿಯಾಗಿದ್ದರೆ ಮಾತ್ರ ಬೆಲೆಯ ಮಾತು. ಕುಂಬಾರನೂ ಸುಮ್ಮನಿರುವವನಲ್ಲ. ಆಕೆ ಕೊಟ್ಟ ನೋಟನ್ನು ಬೆಳಕಿಗೆ ಹಿಡಿದು ನೋಡಿದ ಅನಂತರವೇ ಅದನ್ನು ಚೀಲಕ್ಕೆ ಸೇರಿಸುತ್ತಾನೆ. ಇದರಿಂದ ಆಕೆಗೆ ಕೋಪ ಬರುವುದಿಲ್ಲ, ಆತನಿಗೂ ಸಂಕೋಚವಿಲ್ಲ. ಮಡಕೆಯೂ ಹಣವೂ ಇಬ್ಬರ ಕಣ್ಣೆದುರಿಗೇ, ಒಂದೇ ಗಳಿಗೆಯಲ್ಲಿ ಅತ್ತಿಂದಿತ್ತ ಸೇರುತ್ತವೆ. ಸಂತೆಯ ವ್ಯಾಪಾರದಲ್ಲಿ ಮೋಸವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಆದರೆ ಮೋಸ ಮಾಡುವವನೂ ಅಲ್ಲಿ ತನ್ನ ಮುಖವನ್ನು ತೋರಿಸಲೇಬೇಕಾಗುತ್ತದೆ.

ಕೊಳ್ಳುವವನೂ ಮಾರುವವನೂ ದೂರ ದೂರವಿದ್ದರೆ ಈ ಅನುಕೂಲವಿರುವುದಿಲ್ಲ. ಮೊದಲು ಹಣವೋ, ಮೊದಲು ವಸ್ತುವೋ ಎಂಬ ಪ್ರಶ್ನೆ ಆಗ ಏಳುತ್ತದೆ. ನಮ್ಮ ಬಾಲ್ಯದಲ್ಲಿ ಇದಕ್ಕೆ ಅಂಚೆ ಇಲಾಖೆಯವರು ಒಂದು ಒಳ್ಳೆಯ ಉಪಾಯವನ್ನು ಮಾಡಿದ್ದರು. ಅದನ್ನು ವಿ.ಪಿ.ಪಿ. ಎಂದು ಕರೆಯುತ್ತಿದ್ದೆವು. ಧಾರವಾಡದ ಪ್ರಕಾಶಕರಿಗೆ ಒಂದು ಕಾರ್ಡು ಬರೆದರೆ ಪುಸ್ತಕದ ಕಟ್ಟು ನಮ್ಮ ಊರಿನ ಅಂಚೆಯವನ ಚೀಲದಲ್ಲಿ ಬರುತ್ತಿತ್ತು. ಹಣವನ್ನು ಎಣಿಸಿ ಕೊಟ್ಟ ಮೇಲೆಯೇ ಕಟ್ಟು ನಮ್ಮ ಕೈಗೆ. ನಮ್ಮಿಬ್ಬರಿಗೂ ಪರಿಚಿತನಾದ ಮೂರನೆಯವನೊಬ್ಬನು ನಡುವೆ ನಿಂತು, ಎರಡು ಕಡೆಯ ನಂಬಿಕೆಯನ್ನೂ ಕಾಯುತ್ತಿದ್ದನು.

ಇಂದು ಚಿತ್ರ ಬರೆಯುವವರು, ಗೊಂಬೆ ಮಾಡುವವರು, ನೇಯುವವರು ತಮ್ಮ ಕೃತಿಗಳನ್ನು ಮೊಬೈಲಿನಲ್ಲಿ ಛಾಯಾಚಿತ್ರ ತೆಗೆದು ಅಂತರಜಾಲದಲ್ಲಿ ತೋರಿಸುತ್ತಾರೆ. ಮಧ್ಯವರ್ತಿಯ ಹಂಗಿಲ್ಲ, ಅಂಗಡಿಯ ಬಾಡಿಗೆಯಿಲ್ಲ. ಹಳ್ಳಿಯ ಜಗಲಿಯ ಮೇಲೆ ಕುಳಿತವಳ ಚಿತ್ರವನ್ನು ದಿಲ್ಲಿಯವರು ಮೆಚ್ಚಿ ಕೊಳ್ಳಬಹುದು. ಇದು ದೊಡ್ಡ ಲಾಭವೇ ಸರಿ. ಆದರೆ ಅಂಚೆಯವನು ನಿಂತಿದ್ದ ಜಾಗವು ಮಾತ್ರ ಬರಿದಾಗಿದೆ. ಆ ಬರಿದಾದ ಜಾಗಕ್ಕೆ ಎಂಥವರು ಬಂದು ಸೇರುತ್ತಾರೆಂಬುದನ್ನು ನಾನು ತಿಳಿದುದು ನನ್ನ ಶಿಷ್ಯೆಯೊಬ್ಬಳಿಂದ.

ಆಕೆಯ ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಸಮೀಪದಲ್ಲಿದೆ. ಆ ಭಾಗದ ದೀವರ ಮನೆಗಳಲ್ಲಿ ಮದುವೆಯ ಕಾಲಕ್ಕೆ ಗೋಡೆಯ ಮೇಲೆ ಹಸೆ ಚಿತ್ತಾರವನ್ನು ಬರೆಯುವ ಸಂಪ್ರದಾಯವುಂಟು. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಯನ್ನು ಅರೆದು ಮಾಡಿದ ಬಿಳಿಯ ಬಣ್ಣದಿಂದ ಎಳೆ ಎಳೆಯಾಗಿ ಗೆರೆಗಳನ್ನು ಎಳೆಯುತ್ತಾರೆ. ಹುರಿದು ಕಪ್ಪಾಗಿಸಿದ ಅಕ್ಕಿಯಿಂದ ಕಪ್ಪು, ಗುರಿಗೆ ಕಾಯಿಯಿಂದ ಹಳದಿ; ಪುಂಡಿಯ ನಾರೇ ಕುಂಚ. ಅಳತೆಪಟ್ಟಿಯನ್ನು ಮುಟ್ಟದೆ, ಮೊಳದುದ್ದದ ಗೆರೆಯನ್ನು ಒಂದಿಷ್ಟೂ ಬಾಗದಂತೆ ಎಳೆಯುವ ಆ ಹೆಂಗಸರ ಕೈಯನ್ನು ನೋಡಿದವರೇ ಬಲ್ಲರು. ನನ್ನ ಶಿಷ್ಯೆಯು ಈ ವಿದ್ಯೆಯನ್ನು ಅಜ್ಜಿಯಿಂದ ಕಲಿತು, ಗೋಡೆಯಿಂದ ಬಟ್ಟೆಗೆ ಇಳಿಸಿದಳು. ಒಂದು ದೊಡ್ಡ ಚಿತ್ತಾರಕ್ಕೆ ಆಕೆಗೆ ಐದಾರು ವಾರಗಳು ಬೇಕಾಗುತ್ತವೆ.

2022ರ ಕಾರ್ತಿಕ ಮಾಸದಲ್ಲಿ ಆಕೆಯ ಮೊಬೈಲಿಗೆ ಒಂದು ಸಂದೇಶ ಬಂದಿತು. ಬರೆದವನು ತಾನು ಸೇನೆಯ ಅಧಿಕಾರಿಯೆಂದು ಪರಿಚಯ ಮಾಡಿಕೊಂಡಿದ್ದನು. ಆಕೆಯ ಚಿತ್ತಾರವನ್ನು ಕಂಡು ತನ್ನ ಪತ್ನಿ ಬಹಳ ಮೆಚ್ಚಿದಳೆಂದೂ, ಹೊಸ ಊರಿಗೆ ವರ್ಗವಾಗಿರುವುದರಿಂದ ಮನೆಯ ನಡುಮನೆಗೆ ಅದೇ ಚಿತ್ರ ಬೇಕೆಂದೂ ತಿಳಿಸಿದ್ದನು. ಬೆಲೆ 12,000 ರೂಪಾಯಿ. ಒಂದು ರೂಪಾಯಿಯನ್ನೂ ಕಡಿಮೆ ಮಾಡೆಂದು ಕೇಳಲಿಲ್ಲ. ಜೊತೆಗೆ ಸಮವಸ್ತ್ರದಲ್ಲಿರುವ ಛಾಯಾಚಿತ್ರವನ್ನೂ ಗುರುತಿನ ಚೀಟಿಯ ಪಡಿಯಚ್ಚನ್ನೂ ಕಳುಹಿಸಿದ್ದನು.

ಆಕೆ ನನಗೆ ದೂರವಾಣಿ ಮಾಡಿ, "ಮೇಷ್ಟ್ರೇ, ಇದನ್ನು ನಂಬಬಹುದೇ?" ಎಂದು ಕೇಳಿದಳು. ನಾನು ಕ್ಷಣವೂ ಯೋಚಿಸದೆ, "ಸೈನಿಕರನ್ನು ನಂಬದೆ ಮತ್ತಾರನ್ನು ನಂಬುತ್ತೀಯಮ್ಮ?" ಎಂದುಬಿಟ್ಟೆ. ಈ ಮಾತನ್ನು ಇಲ್ಲಿ ಮುಚ್ಚಿಡುವುದು ಸರಿಯಲ್ಲ. ಮೂವತ್ತು ವರ್ಷ ಪಾಠ ಹೇಳಿದವನು ಒಂದು ಕಾಗದದ ಚಿತ್ರವನ್ನು ಕಂಡು, ಅದರ ಹಿಂದೆ ಇರುವವನನ್ನೂ ಕಂಡೆನೆಂದು ಭ್ರಮಿಸಿದನು. ಕಳೆದುಹೋದ ಅಥವಾ ಕದ್ದ ಗುರುತಿನ ಚೀಟಿಗಳ ಪ್ರತಿಗಳನ್ನು ಹೀಗೆ ಬಳಸುವುದು ಹಳೆಯ ತಂತ್ರವೆಂದೂ, ಪೊಲೀಸರು ಇದರ ಬಗ್ಗೆ ಮತ್ತೆ ಮತ್ತೆ ಎಚ್ಚರಿಸಿದ್ದಾರೆಂದೂ ನನಗೆ ತಿಳಿದುದು ಆಮೇಲೆ.

ಮರುದಿನ ಮತ್ತೊಬ್ಬನು ಕರೆ ಮಾಡಿದನು. ಆತನು ಸೇನೆಯ ಲೆಕ್ಕಪತ್ರ ವಿಭಾಗದವನಂತೆ. ಸೇನೆಯ ಹಣ ಪಾವತಿಯ ಕ್ರಮವೇ ಬೇರೆ, ಮೊದಲು ನಿಮ್ಮ ಖಾತೆಯನ್ನು ಪರೀಕ್ಷಿಸಬೇಕು, ನೀವು ಐದು ರೂಪಾಯಿ ಕಳುಹಿಸಿರಿ, ಹತ್ತು ರೂಪಾಯಿ ಹಿಂದಿರುಗಿ ಬರುತ್ತದೆ ಎಂದನು. ಆಕೆ ಐದು ಕಳುಹಿಸಿದಳು, ಹತ್ತು ಬಂದಿತು. ನಂಬಿಕೆಗೆ ಇನ್ನೇನು ಬೇಕು? ಅನಂತರ ಆತನು ಒಂದು ಕ್ಯೂಆರ್ ಕೋಡನ್ನು ಕಳುಹಿಸಿ, "ಇದನ್ನು ಸ್ಕ್ಯಾನ್ ಮಾಡಿ, ಪಿನ್ ಒತ್ತಿರಿ; ಹನ್ನೆರಡು ಸಾವಿರ ನಿಮ್ಮ ಖಾತೆಗೆ ಬರುತ್ತದೆ" ಎಂದನು. ಮಾತನ್ನು ಒಂದು ಕ್ಷಣವೂ ನಿಲ್ಲಿಸಲಿಲ್ಲ. ಬೇಗ, ಬೇಗ, ಸಾಹೇಬರು ಕಾಯುತ್ತಿದ್ದಾರೆ ಎಂದು ಅವಸರಪಡಿಸಿದನು. ಆಕೆ ಪಿನ್ ಒತ್ತಿದಳು. ಹನ್ನೆರಡು ಸಾವಿರ ಬರಲಿಲ್ಲ, ಹೋಯಿತು. ಗಾಬರಿಯಿಂದ ಕೇಳಿದ್ದಕ್ಕೆ, "ಯಂತ್ರದಲ್ಲಿ ತಪ್ಪಾಗಿದೆ, ಇನ್ನೊಮ್ಮೆ ಮಾಡಿರಿ, ಎರಡೂ ಒಟ್ಟಿಗೆ ಹಿಂದಕ್ಕೆ ಬರುತ್ತವೆ" ಎಂದನು. ಕಳೆದುದನ್ನು ಹಿಂದಕ್ಕೆ ಪಡೆಯುವ ಆತುರದಲ್ಲಿ ಆಕೆ ಮತ್ತೊಮ್ಮೆ ಒತ್ತಿದಳು. ಮೂರನೆಯ ಸಲಕ್ಕೆ ಖಾತೆಯಲ್ಲಿ ಹಣವೇ ಉಳಿದಿರಲಿಲ್ಲ. ಹೋದ 24,000 ರೂಪಾಯಿ ತಂಗಿಯ ಕಾಲೇಜಿನ ಶುಲ್ಕಕ್ಕೆಂದು ಕೂಡಿಟ್ಟದ್ದು. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂಬ ಗಾದೆಯನ್ನು ನಾವು ನಗುತ್ತಾ ಹೇಳುತ್ತೇವೆ. ಕೊಟ್ಟವರ ಮನೆಯಲ್ಲಿ ಆ ರಾತ್ರಿ ಒಲೆ ಹೊತ್ತಲಿಲ್ಲ.

ಈಗ ಇದರ ಒಳಗುಟ್ಟನ್ನು ಸ್ವಲ್ಪ ವಿಚಾರ ಮಾಡೋಣ. ನಾವು ದಿನವೂ ಬಳಸುವ ಯುಪಿಐ ಎಂಬ ಪಾವತಿ ವ್ಯವಸ್ಥೆಯನ್ನು ಭಾರತ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಬಳಕೆಗೆ ತಂದಿತು. ಇದರಲ್ಲಿ ಪಿನ್ ಎಂಬ ಗುಟ್ಟಿನ ಸಂಖ್ಯೆಯು ಚೆಕ್ಕಿನ ಮೇಲೆ ಹಾಕುವ ರುಜುವಿಗೆ ಸಮಾನ. ನಿಮ್ಮ ಖಾತೆಯಿಂದ ಹಣವನ್ನು ತೆಗೆಯಲು ಬ್ಯಾಂಕಿಗೆ ನಿಮ್ಮ ಅಪ್ಪಣೆ ಬೇಕು. ಆ ಅಪ್ಪಣೆಯೇ ಪಿನ್. ಆದರೆ ನಿಮ್ಮ ಖಾತೆಗೆ ಹಣ ಹಾಕುವವರಿಗೆ ನಿಮ್ಮ ಅಪ್ಪಣೆ ಏತಕ್ಕೆ? ನಿಮ್ಮ ಮನೆಯ ಹುಂಡಿಗೆ ನೆಂಟರು ಕಾಸು ಹಾಕುವಾಗ ಬೀಗದ ಕೈಯನ್ನು ಕೇಳುವರೇ? ಹಣವನ್ನು ಪಡೆಯಲು ಪಿನ್ ಎಂದಿಗೂ ಬೇಕಾಗುವುದಿಲ್ಲ. ಇನ್ನು ಕ್ಯೂಆರ್ ಕೋಡ್ ಎಂಬ ಆ ಕಪ್ಪು ಬಿಳುಪು ಚೌಕವು ಒಂದು ವಿಳಾಸವಲ್ಲದೆ ಬೇರೇನೂ ಅಲ್ಲ. ಯಾರಿಗೆ ಹಣ ಸೇರಬೇಕು, ಕೆಲವೊಮ್ಮೆ ಎಷ್ಟು ಸೇರಬೇಕು ಎಂಬುದು ಅದರಲ್ಲಿ ಬರೆದಿರುತ್ತದೆ. ಕಿರಾಣಿ ಅಂಗಡಿಯವನು ಅದನ್ನು ಗಲ್ಲದ ಮುಂದೆ ಅಂಟಿಸಿಕೊಂಡಿರುವುದು ತಾನು ಪಡೆಯುವುದಕ್ಕೆ. ಸ್ಕ್ಯಾನ್ ಮಾಡುವ ನಾವು ಕೊಡುವವರು. ಹಾಗಿರುವಾಗ, ಕೊಳ್ಳುಗನೇ ಕೋಡನ್ನು ಕಳುಹಿಸಿ ಮಾರುವವಳಿಂದ ಸ್ಕ್ಯಾನ್ ಮಾಡಿಸಿದನೆಂದರೆ ಅಂಗಡಿಯೇ ತಲೆಕೆಳಗಾಯಿತು.

ಇದೇ ಬಗೆಯ ಇನ್ನೊಂದು ದಾರಿಯೂ ಇತ್ತು. ಹಣ ಕೊಡೆಂದು ಒಬ್ಬನು ಇನ್ನೊಬ್ಬನ ಮೊಬೈಲಿಗೆ ಕೋರಿಕೆಯನ್ನು ಕಳುಹಿಸುವುದು, ಅದನ್ನು ಹಣ ಬರುವ ಸೂಚನೆಯೆಂದು ಭ್ರಮಿಸಿ ಆತನು ಪಿನ್ ಒತ್ತುವುದು. ವ್ಯಕ್ತಿ ವ್ಯಕ್ತಿಗಳ ನಡುವಣ ಇಂಥ ಕೋರಿಕೆಗಳನ್ನು 2025ರ ಅಕ್ಟೋಬರ್ 1ರಿಂದ ನಿಲ್ಲಿಸಬೇಕೆಂದು ನಿಗಮವು ಬ್ಯಾಂಕುಗಳಿಗೆ ಸೂಚಿಸಿತು. ಒಂದು ಬಾಗಿಲು ಮುಚ್ಚಿತು; ಕೋಡಿನ ಬಾಗಿಲು ತೆರೆದೇ ಇದೆ. ಅದನ್ನು ಮುಚ್ಚಿದರೆ ಕಿರಾಣಿ ಅಂಗಡಿಯ ವ್ಯಾಪಾರವೂ ನಿಲ್ಲುತ್ತದಲ್ಲವೇ!

ಇಷ್ಟು ಸರಳವಾದ ಸಂಗತಿಯು ಪದವೀಧರೆಯಾದ ಹುಡುಗಿಗೆ ಏಕೆ ಹೊಳೆಯಲಿಲ್ಲ? ನಾನು ಈ ಪ್ರಶ್ನೆಯನ್ನು ಬಹಳ ದಿನ ಮನಸ್ಸಿನಲ್ಲಿ ಇಟ್ಟುಕೊಂಡಿದ್ದೆ. ಆಕೆಗೆ ತಿಳಿವಳಿಕೆ ಇರಲಿಲ್ಲವೆಂದಲ್ಲ. ಪ್ರತಿದಿನವೂ ಹಾಲಿನವನಿಗೆ ಅದೇ ಮೊಬೈಲಿನಿಂದ ಹಣ ಕೊಡುತ್ತಿದ್ದವಳು ಆಕೆ. ಕಲಾವಿದನ ಮನಸ್ಸು ಅಕ್ಕಿಯ ವ್ಯಾಪಾರಿಯ ಮನಸ್ಸಿನಂತಲ್ಲ. ಅಕ್ಕಿಯನ್ನು ಕೊಂಡವನು ಹಸಿವಿಗಾಗಿ ಕೊಂಡನು. ಅದರಲ್ಲಿ ಮಾರಿದವನಿಗೆ ವಿಶೇಷವಾದ ಗೌರವವೇನೂ ಇಲ್ಲ. ಚಿತ್ರವನ್ನು ಬೇಕೆಂದು ಕೇಳಿದವನೋ ಬರೆದವಳನ್ನೇ ಮೆಚ್ಚಿದಂತಾಗುತ್ತದೆ. ಐದಾರು ವಾರ ಬೆನ್ನು ಬಗ್ಗಿಸಿ ಕೆಲಸ ಮಾಡಿ, ತಿಂಗಳುಗಟ್ಟಲೆ ಒಬ್ಬರೂ ಕೇಳದೆ ಇದ್ದಾಗ, ದೂರದ ಊರಿನ ಗಣ್ಯರೊಬ್ಬರ ಮನೆಯವರು ಮೆಚ್ಚಿದರೆಂಬ ಮಾತು ಎಷ್ಟು ಹಿತವಾಗಿರಬೇಡ! ವಂಚಕನು ಮೊದಲು ಕದ್ದುದು ಹಣವನ್ನಲ್ಲ, ಈ ಸಂತೋಷವನ್ನು. "ಮೇಷ್ಟ್ರೇ, ದುಡ್ಡು ಹೋದದ್ದಕ್ಕಿಂತ, ಅವನ ಹೆಂಡತಿ ನನ್ನ ಚಿತ್ತಾರವನ್ನು ನೋಡಿಯೇ ಇರಲಿಲ್ಲ ಎಂಬುದು ಹೆಚ್ಚು ನೋವಾಯಿತು" ಎಂದು ಆಕೆ ಒಮ್ಮೆ ಹೇಳಿದಳು.

ಪತ್ನಿಯ ಮೆಚ್ಚುಗೆ ಎಂಬುದು ಈ ಜನರ ಕೈಯಲ್ಲಿ ಸವೆದುಹೋದ ನಾಣ್ಯವೆಂದು ಆಮೇಲೆ ತಿಳಿಯಿತು. ಅಮೆರಿಕದಲ್ಲಿ ನೆಲಸಿ ಬಿಡುವಿನ ವೇಳೆಯಲ್ಲಿ ಮೈಸೂರು ಶೈಲಿಯ ಚಿತ್ರಗಳನ್ನು ಬರೆಯುವ ನನ್ನ ಅಣ್ಣನ ಮಗಳಿಗೂ ಅಂಥದೇ ಕಾಗದ ಬಂದಿತ್ತು. ವಿವಾಹದ ವಾರ್ಷಿಕೋತ್ಸವಕ್ಕೆ ಪತ್ನಿಗೆ ತಿಳಿಯದಂತೆ ಉಡುಗೊರೆ ಕೊಡಬೇಕು, ಹಣಕ್ಕೆ ಚೆಕ್ಕನ್ನು ಕಳುಹಿಸುತ್ತೇನೆ, ಚಿತ್ರವನ್ನು ಸಾಗಿಸುವವನು ಮನೆಗೇ ಬರುತ್ತಾನೆ ಎಂದು ಅದರಲ್ಲಿತ್ತು. ಅಲ್ಲಿನ ಕ್ರಮ ಬೇರೆ, ಆದುದರಿಂದ ಮೋಸದ ಕ್ರಮವೂ ಬೇರೆ. ಚಿತ್ರದ ಬೆಲೆ ಸಾವಿರ ಡಾಲರಾದರೆ ಚೆಕ್ಕು ಮೂರು ಸಾವಿರದ್ದು ಬರುತ್ತದೆ. ಹೆಚ್ಚಿನ ಎರಡು ಸಾವಿರವನ್ನು ಸಾಗಣೆಯವನಿಗೆ ನೀವೇ ಕೊಟ್ಟುಬಿಡಿರಿ ಎಂದು ವಿನಯದಿಂದ ಕೇಳಿಕೊಳ್ಳುತ್ತಾರೆ. ಖಾತೆಗೆ ಹಾಕಿದ ಚೆಕ್ಕಿನ ಹಣವನ್ನು ಗ್ರಾಹಕರಿಗೆ ಬೇಗನೆ ದೊರಕಿಸಬೇಕೆಂದು ಆ ದೇಶದಲ್ಲಿ 1987ರಲ್ಲಿ ಕಾನೂನು ಮಾಡಿದರು. ಜನರ ಹಿತಕ್ಕಾಗಿಯೇ ಮಾಡಿದ ಕಾನೂನು ಅದು. ಹೀಗಾಗಿ ಒಂದೆರಡು ದಿನಗಳಲ್ಲಿ ಹಣವು ಖಾತೆಯಲ್ಲಿ ಕಾಣಿಸುತ್ತದೆ. ಚೆಕ್ಕು ನಕಲಿಯೆಂದು ಗೊತ್ತಾಗುವುದಕ್ಕೆ ಕೆಲವೊಮ್ಮೆ ವಾರಗಳೇ ಹಿಡಿಯುತ್ತವೆ. ಅಷ್ಟರಲ್ಲಿ ಸಾಗಣೆಯವನ ಹೆಸರಿಗೆ ಎರಡು ಸಾವಿರ ಹೋಗಿರುತ್ತದೆ. ಬ್ಯಾಂಕು ತಾನು ತೋರಿಸಿದ ಮೂರು ಸಾವಿರವನ್ನೂ ಹಿಂದಕ್ಕೆ ಎಳೆದುಕೊಳ್ಳುತ್ತದೆ. ಚಿತ್ರವನ್ನು ಒಯ್ಯಲು ಯಾರೂ ಬರುವುದಿಲ್ಲ. ಪಾಪ, ಅದು ಅವರಿಗೆ ಬೇಕೇ ಇರಲಿಲ್ಲ. ಅಣ್ಣನ ಮಗಳು ಚೆಕ್ಕನ್ನು ಖಾತೆಗೆ ಹಾಕುವ ಮೊದಲು, ಅದರ ಮೇಲೆ ಹೆಸರಿದ್ದ ಬ್ಯಾಂಕನ್ನೇ ಕೇಳಿ ಪಾರಾದಳು.

ಈ ಹೆಚ್ಚುವರಿ ಹಣದ ಆಟವು ನಮ್ಮಲ್ಲಿಯೂ ಬೇರೆ ವೇಷದಲ್ಲಿ ನಡೆಯುತ್ತದೆ. ಎರಡೂವರೆ ಸಾವಿರದ ಬದಲು ಇಪ್ಪತ್ತೈದು ಸಾವಿರ ಕಳುಹಿಸಿಬಿಟ್ಟೆ, ಉಳಿದುದನ್ನು ಹಿಂದಿರುಗಿಸಿ ಎಂದು ಒಬ್ಬನು ಗೋಳಿಡುತ್ತಾನೆ. ಅದಕ್ಕೆ ಸರಿಯಾಗಿ ಮೊಬೈಲಿನಲ್ಲಿ ಬ್ಯಾಂಕಿನದೆಂಬಂತೆ ತೋರುವ ಒಂದು ಸಂದೇಶವೂ ಇರುತ್ತದೆ. ಅದು ಬ್ಯಾಂಕಿನದಲ್ಲ, ಅವನೇ ಬರೆದದ್ದು. ಹಣ ಸಂದಾಯವಾದಂತೆ ತೋರುವ ನಕಲಿ ಚಿತ್ರವನ್ನು ಕಳುಹಿಸಿ ವಸ್ತುವನ್ನು ಒಯ್ಯುವವರೂ ಇದ್ದಾರೆ. ಕಂಪ್ಯೂಟರಿನಲ್ಲಿ ಬರೆದ ಚಿತ್ರಗಳನ್ನು ವಿದೇಶೀ ನಾಣ್ಯದಲ್ಲಿ ಲಕ್ಷಗಟ್ಟಲೆ ಕೊಟ್ಟು ಕೊಳ್ಳುತ್ತೇವೆ, ಮೊದಲು ನೋಂದಣಿಯ ಶುಲ್ಕವನ್ನು ಕಟ್ಟಿ ಎನ್ನುವವರೂ ಉಂಟು. ವೇಷಗಳನ್ನು ಎಣಿಸುತ್ತಾ ಹೋದರೆ ಮುಗಿಯುವಂತಿಲ್ಲ. ಕೊಳ್ಳುವವನು ಮಾರುವವಳಿಂದ ಹಣವನ್ನು ಹೊರಡಿಸಲು ಯತ್ನಿಸುತ್ತಾನೆ ಎಂಬ ಒಂದು ಅಂಶವು ಮಾತ್ರ ಹೆಚ್ಚಿನವುಗಳಲ್ಲಿ ಇದ್ದೇ ಇರುತ್ತದೆ.

ನಿಜವಾದ ಕೊಳ್ಳುಗನನ್ನು ಗುರುತಿಸುವುದು ಹೇಗೆ? ಇದನ್ನು ನನ್ನ ಶಿಷ್ಯೆಯೇ ನನಗೆ ಕಲಿಸಿದಳು. ನಿಜವಾಗಿ ಚಿತ್ರ ಬೇಕಾದವರು ಪ್ರಶ್ನೆಗಳಿಂದ ತಲೆ ತಿನ್ನುತ್ತಾರೆ. ಉದ್ದವೆಷ್ಟು, ಅಗಲವೆಷ್ಟು, ಬಿಸಿಲಿಗೆ ಬಣ್ಣ ಮಾಸುತ್ತದೆಯೇ, ಇರುವೆ ಬಂದರೆ ಏನು ಗತಿ, ಈ ಮೂಲೆಯಲ್ಲಿ ಒಂದು ಹಕ್ಕಿಯನ್ನು ಸೇರಿಸಬಹುದೇ? ಬೆಲೆಯಲ್ಲಿ ಐನೂರು ಬಿಡಿರೆಂದು ಚೌಕಾಸಿಯನ್ನೂ ಮಾಡುತ್ತಾರೆ. ವಂಚಕನಿಗೆ ಚಿತ್ರದ ಗೊಡವೆಯೇ ಇಲ್ಲ. ಯಾವ ಚಿತ್ರವೆಂದು ಕೇಳಿದರೆ, "ನೀವು ಹಾಕಿದ್ದೀರಲ್ಲ, ಅದೇ" ಎನ್ನುತ್ತಾನೆ. ಅವನ ಮಾತೆಲ್ಲವೂ ಹಣವನ್ನು ಕಳುಹಿಸುವ ವಿಧಾನವನ್ನು ಕುರಿತದ್ದು, ಅದೂ ಈಗಿಂದೀಗಲೇ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬುದನ್ನು ಅವನೂ ಬಲ್ಲನು. ಅದಕ್ಕಾಗಿಯೇ ಎದುರಿನವರನ್ನು ಆತುರಪಡಿಸುತ್ತಾನೆ. ಆಕೆ ಈಗ ಯಾರೇ ಕೇಳಲಿ, ಚಿತ್ತಾರದಲ್ಲಿ ನಿಮಗೆ ಹಿಡಿಸಿದ ಭಾಗ ಯಾವುದು ಎಂದು ಒಂದು ಮರುಪ್ರಶ್ನೆ ಹಾಕುತ್ತಾಳೆ. ಅರ್ಧದಷ್ಟು ಜನ ಅಲ್ಲಿಯೇ ಮಾಯವಾಗುತ್ತಾರಂತೆ.

ಉಳಿದವರಿಗೆ ಆಕೆಯ ಕ್ರಮ ಒಂದೇ. ತನ್ನ ಖಾತೆಯ ವಿವರವನ್ನು ತಾನೇ ಕೊಡುತ್ತಾಳೆ. ಅವರು ಕಳುಹಿಸಿದ ಯಾವ ಕೋಡನ್ನೂ ಕೊಂಡಿಯನ್ನೂ ಮುಟ್ಟುವುದಿಲ್ಲ. ಹಣ ಬಂದಿತೆಂಬ ಸಂದೇಶವನ್ನು ನಂಬದೆ, ಖಾತೆಯನ್ನು ತೆರೆದು ಉಳಿಕೆಯನ್ನು ನೋಡುತ್ತಾಳೆ. ಅನಂತರವೇ ಚಿತ್ರವನ್ನು ಸುತ್ತಿ ಕಟ್ಟುವುದು. ಹೀಗೆ ಮಾಡಿದರೆ ಒಳ್ಳೆಯ ಗ್ರಾಹಕರು ಬೇಸರಗೊಳ್ಳುವುದಿಲ್ಲವೇ ಎಂದು ನಾನು ಕೇಳಿದೆ. ಕುಂಬಾರನು ನೋಟನ್ನು ಬೆಳಕಿಗೆ ಹಿಡಿದಾಗ ಯಾರು ಬೇಸರಗೊಂಡರು? ಸಂದೇಹದಿಂದ ಒರಟಾಗಿ ಮಾತನಾಡುವುದು ಬೇರೆ, ಎಲ್ಲರಿಗೂ ಒಂದೇ ನಿಯಮವನ್ನು ಮೃದುವಾಗಿ ಹೇಳುವುದು ಬೇರೆ. ವಂಚಕನೊಡನೆ ಜಗಳಕ್ಕೆ ನಿಲ್ಲುವುದೂ, ಅವನನ್ನು ಆಟವಾಡಿಸಿ ಬುದ್ಧಿ ಕಲಿಸುತ್ತೇನೆಂದು ಹೊರಡುವುದೂ ವ್ಯರ್ಥ. ನಿಮ್ಮ ಹೆಸರು, ಊರು, ದೂರವಾಣಿಯ ಸಂಖ್ಯೆಗಳು ಅವನ ಬಳಿ ಇರುತ್ತವೆ. ಅವನದು ಯಾವುದೂ ನಿಮ್ಮ ಬಳಿ ಇರುವುದಿಲ್ಲ.

ಎಚ್ಚರ ತಪ್ಪಿ ಹಣ ಹೋದಾಗ ಮಾಡಬೇಕಾದುದನ್ನು ಇಲ್ಲಿ ಸ್ಪಷ್ಟವಾಗಿ ಹೇಳಬೇಕು. ಏಕೆಂದರೆ ನಮ್ಮ ಹುಡುಗಿಯು ಎಡವಿದ್ದು ಇಲ್ಲಿಯೇ. ಆಕೆ ನಾಚಿಕೆಯಿಂದ ಎರಡು ದಿನ ಯಾರಿಗೂ ಹೇಳಲಿಲ್ಲ. ಸಂದೇಶಗಳನ್ನು ನೋಡಿದರೆ ಮೈ ಉರಿಯುತ್ತದೆಂದು ಕೆಲವನ್ನು ಅಳಿಸಿಯೂ ಬಿಟ್ಟಳು. ಇಂಥ ವಂಚನೆಗಳಿಗಾಗಿ ಕೇಂದ್ರ ಗೃಹ ಸಚಿವಾಲಯದ ವ್ಯವಸ್ಥೆಯೊಂದು 2021ರಿಂದ ನಡೆಯುತ್ತಿದೆ. ಅದರ ಸಹಾಯವಾಣಿಯ ಈಗಿನ ಸಂಖ್ಯೆ 1930. ಅಂತರಜಾಲದಲ್ಲಿಯೂ ದೂರು ಕೊಡಬಹುದು. ದೂರು ಬಂದ ಕೂಡಲೇ, ಹಣವು ಯಾವ ಖಾತೆಗೆ ಹೋಯಿತೋ ಆ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಹಣವು ಇನ್ನೂ ಅಲ್ಲಿದ್ದರೆ ತಡೆಹಿಡಿಯುತ್ತಾರೆ. ವಂಚಕನು ಅದನ್ನು ಒಂದು ಖಾತೆಯಿಂದ ಮತ್ತೊಂದಕ್ಕೆ, ಅಲ್ಲಿಂದ ಮಗುದೊಂದಕ್ಕೆ ಹಾರಿಸುತ್ತಿರುತ್ತಾನೆ. ಆದುದರಿಂದ ಇಲ್ಲಿ ಗಂಟೆಗಳ ಲೆಕ್ಕವಲ್ಲ, ನಿಮಿಷಗಳ ಲೆಕ್ಕ. ಪಾವತಿಯ ಸಂಖ್ಯೆ, ದಿನಾಂಕ, ಸಮಯ, ಅವನು ಕಳುಹಿಸಿದ ಕೋಡು, ಅವನ ಸಂದೇಶಗಳು ಇವೆಲ್ಲವೂ ಸಾಕ್ಷ್ಯಗಳು. ಒಂದನ್ನೂ ಅಳಿಸಬಾರದು. ತಮ್ಮ ಬ್ಯಾಂಕಿಗೂ ಆ ಕ್ಷಣವೇ ತಿಳಿಸಬೇಕು.

ಕಂಪ್ಯೂಟರ್ ಮೊದಲಾದ ಸಾಧನಗಳ ಮೂಲಕ ಬೇರೊಬ್ಬನ ವೇಷವನ್ನು ಧರಿಸಿ ವಂಚಿಸುವವನಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯಿದೆಯ 66ಡಿ ಕಲಮು ಮೂರು ವರ್ಷಗಳವರೆಗೆ ಸೆರೆಮನೆಯನ್ನೂ ಒಂದು ಲಕ್ಷ ರೂಪಾಯಿಯವರೆಗೆ ದಂಡವನ್ನೂ ವಿಧಿಸುತ್ತದೆ. ಬೆಂಗಳೂರಿನಲ್ಲಿ ಇಂಥ ಅಪರಾಧಗಳಿಗೆಂದೇ ಪೊಲೀಸ್ ಠಾಣೆಯು 2001ರಲ್ಲಿಯೇ ಆರಂಭವಾಯಿತು. ಕಾನೂನು ಇದೆ, ಠಾಣೆಯೂ ಇದೆ. ಆದರೆ ಕಳ್ಳನ ಮುಖವೇ ಕಾಣದಿದ್ದಾಗ ಅವುಗಳ ಕೈ ನಿಧಾನವಾಗಿಯೇ ಚಾಚುತ್ತದೆ. ಆ ನಡುವೆ ಮತ್ತೊಂದು ಬಗೆಯ ಹದ್ದುಗಳು ಬಂದಿಳಿಯುತ್ತವೆ. ನಿಮ್ಮ ಹಣವನ್ನು ಹಿಂದಕ್ಕೆ ಕೊಡಿಸುತ್ತೇವೆ, ಅದಕ್ಕೆ ಸ್ವಲ್ಪ ಶುಲ್ಕವಾಗುತ್ತದೆ ಎಂದು ಅವರ ಮಾತು. ಒಮ್ಮೆ ನೊಂದವರನ್ನು ಎರಡನೆಯ ಸಲ ಸುಲಿಯುವ ಇವರಷ್ಟು ನೀಚರನ್ನು ನಾನು ಬೇರೆಲ್ಲಿಯೂ ಕಂಡಿಲ್ಲ.

ನನ್ನ ಶಿಷ್ಯೆಯ ಹಣದಲ್ಲಿ ಬ್ಯಾಂಕಿನವರು ತಡೆಹಿಡಿಯಲು ಸಾಧ್ಯವಾದದ್ದು 3,100 ರೂಪಾಯಿ ಮಾತ್ರ. ಅದು ಹಲವು ತಿಂಗಳುಗಳ ಅನಂತರ ಆಕೆಯ ಕೈ ಸೇರಿತು. ತಂಗಿಯ ಶುಲ್ಕವನ್ನು ಸೋದರಮಾವ ಕಟ್ಟಿದನು. ಆಕೆ ನಾಲ್ಕು ತಿಂಗಳು ಕುಂಚವನ್ನು ಮುಟ್ಟಲಿಲ್ಲ.

ವಂಚಕನು ಕೇಳಿದ್ದ ಚಿತ್ತಾರವು ಆಕೆಯ ಮನೆಯಲ್ಲಿಯೇ ಸುರುಳಿಯಾಗಿ ಬಿದ್ದಿತ್ತು. ಅಪಶಕುನವೆಂದು ತಾಯಿ ಅದನ್ನು ಅಟ್ಟಕ್ಕೆ ಸೇರಿಸಿದ್ದಳು. ಕಳೆದ ವರ್ಷ ನಾನು ಅವರ ಊರಿಗೆ ಹೋದಾಗ, ಅದನ್ನು ಇಳಿಸಿ ಬಿಡಿಸಿ ತೋರಿಸೆಂದು ಕೇಳಿದೆ. ಕೆಂಪು ನೆಲದ ಮೇಲೆ ಬಿಳಿಯ ಎಳೆಗಳು ನಿನ್ನೆ ಬರೆದಂತೆ ಇದ್ದವು. ಅದನ್ನು ನಾನು ಕೊಳ್ಳುತ್ತೇನೆಂದೆ. ಆಕೆ ಬೇಡವೆಂದಳು, ಮೇಷ್ಟ್ರ ಬಳಿ ಹಣ ಪಡೆಯುವುದುಂಟೇ ಎಂದಳು, ಕೊನೆಗೆ ಒಪ್ಪಿದಳು. ನಾನು ನನ್ನ ಮೊಬೈಲನ್ನು ತೆಗೆದು, ಕನ್ನಡಕವನ್ನು ಸರಿಪಡಿಸಿಕೊಂಡು, ಆಕೆಯ ಕೋಡನ್ನು ಸ್ಕ್ಯಾನ್ ಮಾಡಿ ಹನ್ನೆರಡು ಸಾವಿರವನ್ನು ಕಳುಹಿಸಿದೆ. "ಹೋಯಿತು ನೋಡಮ್ಮ" ಎಂದು ಚಿತ್ತಾರದ ಕಡೆಗೆ ಕೈ ಚಾಚಿದೆ.

"ಒಂದು ನಿಮಿಷ ತಡೆಯಿರಿ ಮೇಷ್ಟ್ರೇ" ಎಂದು ಆಕೆ ಸುರುಳಿಯನ್ನು ಮಡಿಲಿನಲ್ಲಿಯೇ ಇಟ್ಟುಕೊಂಡು, ತನ್ನ ಖಾತೆಯನ್ನು ತೆರೆದು ನೋಡಿದಳು. ಅನಂತರ ನಗುತ್ತಾ ಚಿತ್ರವನ್ನು ನನ್ನ ಕೈಗೆ ಕೊಟ್ಟಳು.